ಗೂಬೆ ಮುಖದ ನಮ್ಮ ಭಾವ

ನನ್ನ ಭಾವನಷ್ಟು ಚೆಲುವ ಇಡೀ ಲಂಡನ್ನಿನಲ್ಲಿ ಇನ್ನೊಬ್ಬನಿಲ್ಲ ಎಂದು ಅಕ್ಕ ಮದುವೆಯಾದ ವಾರವೇ ಊರಿಗೆ ಕಾಗದ ಬರೆದಿದ್ದಳು. ಅದನ್ನು ಅಲ್ಲಗಳೆಯಲು ನಮ್ಮ ಬಳಿ ಯಾವ ಆಧಾರವೂ ಇರಲಿಲ್ಲ. ಕಾಗದದ ಜೊತೆಗಿದ್ದ ಫೋಟೋದಲ್ಲಿ ಬಿಳಿ ಗೌನಿನ ಅಕ್ಕ ಇದ್ದಳು, ಪಾದ್ರಿಗಳಿದ್ದರು, ಮೂರಂತಸ್ತಿನ ಕೇಕ್ ಇತ್ತು. ಮದುಮಗನ ಕೋಟು, ಟೈ ಎಲ್ಲ ಸರಿಯಾಗಿಯೇ ಇದ್ದವು. ಕಾಲರಿನ ಮೇಲೆ ಮಾತ್ರ ಒಂದು ಗೂಬೆ ಕುಳಿತಿತ್ತು!

ನಿಜವಾದ ಗೂಬೆಯಲ್ಲ. ಕಂದು ಬಟ್ಟೆಯಲ್ಲಿ ಹೊಲಿದು, ಕಣ್ಣಿನ ಸುತ್ತ ಹಳದಿ ಚಕ್ರ ಹಾಕಿ, ತಲೆಯ ಮೇಲೆ ಎರಡು ಕಿವಿ ನಿಲ್ಲಿಸಿ, ಹಿಂದುಗಡೆ ಶೂ ಲೇಸಿನ ಹಾಗೆ ಬಿಗಿದು ಕಟ್ಟುವ ಮುಖವಾಡ. ಭಾವ ಮೆಕ್ಸಿಕೋದವರು, ಕುಸ್ತಿ ಅವರ ಕಸುಬು. ಅವರ ದೇಶದಲ್ಲಿ ಮುಖವಾಡ ಹಾಕಿ ಕುಸ್ತಿಯಾಡುವವರದ್ದೇ ಒಂದು ಪಂಗಡವಿದೆ. ಅಂಥವರ ನಿಜ ಮುಖವನ್ನು ಪ್ರೇಕ್ಷಕರು ನೋಡಬಾರದು, ಕ್ಯಾಮೆರಾ ಅಂತೂ ನೋಡಲೇಬಾರದು. ಇಗರ್ಜಿಯೊಳಗೆ ಪಾದ್ರಿಗಳು ಗದರಿಸಿದ್ದಕ್ಕೆ ಬರಿಮುಖದಲ್ಲಿ ನಿಂತು ಮದುವೆಯಾಗಿದ್ದರಂತೆ. ಫೋಟೋದವನು ಬಂದ ಕೂಡಲೇ ಜೇಬಿನಿಂದ ಗೂಬೆ ಹೊರಗೆ ಬಂತು.

ಮನೆಯ ಮೇಲೆ ಗೂಬೆ ಕೂತರೆ ಕೇಡು ಎನ್ನುವ ಊರು ನಮ್ಮದು. ಅಮ್ಮ ಆ ಫೋಟೋವನ್ನು ಕಟ್ಟು ಹಾಕಿಸಿ ಉಡುಪಿಯ ನಮ್ಮ ಮನೆಯ ಚಾವಡಿಯಲ್ಲೇ ತೂಗುಹಾಕಿದರು. ಮಗಳ ಮದುವೆಯ ಫೋಟೋ, ಮತ್ತೆಲ್ಲಿ ಹಾಕುವುದು? ಪಕ್ಕದ ಮನೆಯಾಕೆ ಬಂದು ಕತ್ತು ಓರೆ ಮಾಡಿ ನೋಡಿದರು.

“ಅಳಿಯನ ಮುಖಕ್ಕೆ ಎಂತ ಆಗಿದೆ?”

“ಎಂತದೂ ಇಲ್ಲ ಮಾರಾಯ್ತಿ. ಅಲ್ಲಿ ಚಳಿ ಅಲ್ವಾ, ಅದು ಅಲ್ಲಿಯ ಮಂಕಿ ಕ್ಯಾಪ್,” ಎಂದರು ಅಮ್ಮ.

ಅಕ್ಕ ಉತ್ತರ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ತೊಂಬತ್ತರ ದಶಕ ಶುರುವಾದ ಹೊತ್ತಿನಲ್ಲಿ ಮೆಕ್ಸಿಕೋದ ಒಂದು ಕುಸ್ತಿ ತಂಡ ಇಂಗ್ಲೆಂಡಿನ ಪುರಭವನಗಳಲ್ಲಿ ಆಡುತ್ತಾ ಬಂದಿತ್ತು. ಅದರಲ್ಲೊಬ್ಬರು ಭುಜದ ಕೀಲು ತಪ್ಪಿಸಿಕೊಂಡು ಇವಳ ತುರ್ತು ವಾರ್ಡಿಗೆ ಬಂದರು, ಗೂಬೆ ಸಮೇತ. ಮುಖವಾಡ ತೆಗೆಯಿರಿ ಎಂದರೆ ತೆಗೆಯಲೊಲ್ಲರು. ಅಕ್ಕ ಸುತ್ತಲೂ ಪರದೆ ಎಳೆದು, ಎಲ್ಲರನ್ನೂ ಹೊರಗೆ ಕಳಿಸಿ, ಲೇಸು ಬಿಚ್ಚಿಯೇ ಬಿಟ್ಟಳಂತೆ.

“ಪೆಟ್ಟಾದದ್ದು ಭುಜಕ್ಕೆ. ನಿನಗೆ ಮುಖ ಎಂತಕ್ಕೆ ಬೇಕಿತ್ತು?” ಎಂದು ನಾನೊಮ್ಮೆ ಕೇಳಿದೆ.

“ನೋವಿಗೆ ಮುಖ ಬಿಳಿಚಿಕೊಂಡಿದೆಯಾ ಅಂತ ನೋಡ್ಬೇಕಲ್ಲ,” ಎಂದಳು. ನಾಲ್ಕು ಸಲ ನೋಡಿದ್ದಳಂತೆ.

ಭಾವನ ಕಡೆಯಿಂದ ಕೇಳಿದರೆ ಕತೆ ಬೇರೆ. ತನ್ನ ಮುಖ ಕಂಡ ಅಪರಿಚಿತರ ಜೊತೆ ಒಂದೋ ಕುಸ್ತಿ ಆಡಬೇಕು, ಇಲ್ಲವೇ ಮದುವೆಯಾಗಬೇಕು ಎಂದು ಅವರ ಕಸುಬಿನಲ್ಲಿ ನಿಯಮವಂತೆ. “ನಿನ್ನ ಅಕ್ಕನ ಜೊತೆ ಕುಸ್ತಿಗೆ ನನಗೆ ಧೈರ್ಯ ಬರಲಿಲ್ಲ,” ಎನ್ನುತ್ತಿದ್ದರು. ತಂಡ ಮರಳಿ ಹೋಯಿತು, ಭಾವ ಉಳಿದರು. ವಾರದ ದಿನಗಳಲ್ಲಿ ಕೆಂಟನ್ನಿನ ಪಾರ್ಕಿನಲ್ಲಿ ಕೌನ್ಸಿಲಿನ ತೋಟಗಾರ, ಶನಿವಾರ ಸಂಜೆ ಗೂಬೆ. ಇಬ್ಬರೂ ಒಬ್ಬರೇ ಎಂದು ಮನೆಯವರ ಹೊರತು ಯಾರಿಗೂ ತಿಳಿಯಕೂಡದು.

ನಾನು ಲ್ಯಾಬ್ ಟೆಕ್ನೀಷಿಯನ್ ಕೆಲಸ ಸಿಕ್ಕಿ ಲಂಡನ್ನಿಗೆ ಬಂದಾಗ ಕ್ವೀನ್ಸ್‌ಬರಿಯ ಅವರ ಮನೆಯ ಚಿಕ್ಕ ಕೋಣೆಯಲ್ಲೇ ಎರಡು ವರ್ಷ ಇದ್ದೆ. ಮೊದಲ ದಿನ ಬಾಗಿಲು ತೆರೆದವರು ಭಾವ. ಕುಳ್ಳಗೆ, ಅಗಲಕ್ಕೆ, ಹೂಕೋಸಿನಂಥ ಕಿವಿ, ಬಾಯ್ತುಂಬ ನಗು. ಆ ನಗುವಿನಲ್ಲೇ ಅಚ್ಚ ಕನ್ನಡದಲ್ಲಿ ಅಂದರು: “ಬಾ. ಚಪ್ಪಲಿ ಹೊರಗೆ ಬಿಡು. ಎಷ್ಟು ಸಲ ಹೇಳ್ಬೇಕು ನಿನಗೆ?”

ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಮೇಲೆ ಅಕ್ಕ ವಿವರಿಸಿದಳು. ನಮ್ಮ ಮನೆಮಾತು ಕೊಂಕಣಿ, ಆದರೆ ಅಕ್ಕನಿಗೆ ಸಿಟ್ಟು ಬಂದರೆ ಚಿಕ್ಕಂದಿನಿಂದಲೂ ಕನ್ನಡವೇ ಬರುವುದು. ಹಾಗಾಗಿ ಭಾವ ಮೊದಲು ಕಲಿತ ಭಾಷೆ ಕನ್ನಡ. ಆ ಮೂರು ವಾಕ್ಯಗಳನ್ನು ಅವರು ಒಟ್ಟಾಗಿ ‘ನಮಸ್ಕಾರ’ ಎಂದು ತಿಳಿದಿದ್ದರು.

ಎರಡು ವರ್ಷ ಕಳೆದು ಅಮ್ಮ ಲಂಡನ್ ನೋಡಲು ಬಂದರು. ನನಗೂ ಅಕ್ಕನಿಗೂ ರಜೆ ಸಿಗಲಿಲ್ಲ, ವಿಮಾನ ನಿಲ್ದಾಣಕ್ಕೆ ಭಾವ ಒಬ್ಬರೇ ಹೋದರು. ಅತ್ತೆ ತನ್ನನ್ನು ಫೋಟೋದಲ್ಲಿ ಮಾತ್ರ ಕಂಡವರು, ಬರಿಮುಖದಲ್ಲಿ ಹೋದರೆ ಗುರುತು ಹಿಡಿಯುವುದು ಹೇಗೆ ಎಂದು ಯೋಚಿಸಿ ಮುಖವಾಡ ಹಾಕಿಕೊಂಡು ನಿಂತರು. ತರ್ಕದಲ್ಲಿ ತಪ್ಪು ಹುಡುಕಿ ನೋಡೋಣ! ಅಮ್ಮ ಟ್ರಾಲಿ ತಳ್ಳುತ್ತಾ ಹೊರಗೆ ಬರುವ ಹೊತ್ತಿಗೆ ಗೂಬೆಯ ಸುತ್ತ ನಾಲ್ವರು ಪೊಲೀಸರಿದ್ದರು. ಅಮ್ಮ ಗುಂಪನ್ನು ಸರಿಸಿ ಒಳಗೆ ಹೋದರು. ಈ ವ್ಯಕ್ತಿ ನಿಮಗೆ ಗೊತ್ತೇ ಎಂದು ಪೊಲೀಸಿನವನು ಕೇಳಿದ. ಅಮ್ಮನದು ಕಾನ್ವೆಂಟಿನ ಇಂಗ್ಲಿಷ್. ಗೊತ್ತು, ನನ್ನ ಅಳಿಯ, ಫೋಟೋದಲ್ಲೂ ಹೀಗೇ ಇದ್ದಾರೆ ಎಂದರಂತೆ.

ಮನೆಗೆ ಬಂದು ಮುಖವಾಡ ತೆಗೆದಾಗ ಅಮ್ಮ ಕನ್ನಡಕ ಹಾಕಿಕೊಂಡು ಸಾವಕಾಶ ನೋಡಿದರು. “ನಮ್ಮ ಪೋಸ್ಟ್‌ಮ್ಯಾನಿನ ಹಾಗೇ ಇದ್ದಾರೆ. ಇದನ್ನು ಮುಚ್ಚಿಡ್ಲಿಕ್ಕೆ ಎಂತ ಉಂಟು?”

ಅತ್ತೆ ಅಳಿಯ ಒಂದೇ ವಾರದಲ್ಲಿ ಗೆಳೆಯರಾದರು. ಮೇಜು, ಸಾಬೂನು, ಪಾದ್ರಿ ಎಂಬ ಮಾತುಗಳು ತಮ್ಮ ಸ್ಪ್ಯಾನಿಷ್ ಭಾಷೆಯಲ್ಲೂ ಹೆಚ್ಚುಕಡಿಮೆ ಹಾಗೇ ಇವೆ ಎಂದು ಭಾವನಿಗೆ ಗೊತ್ತಾಗಿತ್ತು. ಕನ್ನಡದವರು ಅವನ್ನೆಲ್ಲ ತಮ್ಮಿಂದಲೇ ಕದ್ದದ್ದು ಎಂದು ಅವರ ವಾದ. “ಮೇಜು ನಮ್ಮದು, ಅತ್ತೆ,” ಎಂದು ಒಂದು ದಿನ ಊಟದ ನಡುವೆ ಘೋಷಿಸಿದರು.

“ಆಯ್ತು. ನಿಮ್ಮದಾದ್ರೆ ಒರೆಸುವುದೂ ನೀವೇ,” ಎಂದು ಅಮ್ಮ ಒದ್ದೆ ಬಟ್ಟೆ ಕೈಗಿಟ್ಟರು.

ಅಖಾಡದಲ್ಲಿ ಭಾವ ಖಳನಾಯಕ. ಎದುರಾಳಿಯ ಕೂದಲು ಎಳೆಯುವುದು, ರೆಫರಿ ಅತ್ತ ತಿರುಗಿದಾಗ ಕಿವಿ ಕಚ್ಚುವುದು, ಕೈ ಮುಗಿದು ಕ್ಷಮೆ ಕೇಳಿ ಮರುಕ್ಷಣ ಒದೆಯುವುದು ಇವೆಲ್ಲ ಅವರ ಪಾಲಿನ ಕೆಲಸ. ಮೊದಲ ಸಲ ನೋಡಿದ ಅಮ್ಮ ಗಾಬರಿಯಾದಾಗ ಅಕ್ಕ, “ಯಕ್ಷಗಾನದ ರಾಕ್ಷಸನ ಬಣ್ಣದ ವೇಷ ಅಂತ ತಿಳ್ಕೊಳ್ಳಿ ಅಮ್ಮ. ವೇಷ ಕಳಚಿದ ಮೇಲೆ ಪಾಪದವರು,” ಎಂದು ಸಮಾಧಾನ ಮಾಡಿದಳು. ಯಾರು ಗೆಲ್ಲಬೇಕೆಂದು ಮೊದಲೇ ಮಾತಾಗಿರುತ್ತಿತ್ತು. ಬಿದ್ದಾಗ ಎಷ್ಟು ನೋಯಬೇಕೆಂದು ಮಾತ್ರ ಯಾರೂ ಮಾತಾಡಿರುತ್ತಿರಲಿಲ್ಲ. ಭಾನುವಾರವಿಡೀ ಅಕ್ಕ ಬೆನ್ನಿಗೆ ಮುಲಾಮು ತಿಕ್ಕುತ್ತಿದ್ದಳು.

ಕನ್ನಡದವರ ಯುಗಾದಿ ಕೂಟಕ್ಕೂ ಒಮ್ಮೆ ಗೂಬೆಯನ್ನು ಕರೆದರು. ಶಾಲೆಯ ಹಾಲಿನಲ್ಲಿ ಚಾಪೆ ಹಾಸಿ ಭಾವ ಮಕ್ಕಳಿಗೆ ಲಾಗ ತೋರಿಸುತ್ತಿದ್ದಾಗ ಮೈಸೂರಿನ ಡಾಕ್ಟರೊಬ್ಬರು ಎದ್ದು ಕೋಟು ಕಳಚಿದರು. ಅರವತ್ತರ ಹತ್ತಿರದ ವಯಸ್ಸು, ಹೋಳಿಗೆ ತಿಂದ ಹೊಟ್ಟೆ.

“ನಮ್ ಗರಡೀಲಿ ನಾನೂ ಮಣ್ಣು ಹೊತ್ತವನೇ ಕಣ್ರೀ. ಬನ್ನಿ, ಒಂದು ಕೈ ನೋಡೇ ಬಿಡೋಣ.”

ಅವರ ಹೆಂಡತಿ ಕಣ್ಣು ಮುಚ್ಚಿಕೊಂಡರು. ಡಾಕ್ಟರು ತೊಡೆ ತಟ್ಟಿ ಭಾವನ ಕೈ ಹಿಡಿದರಷ್ಟೆ, ಗೂಬೆ ಗಾಳಿಯಲ್ಲಿ ಒಂದು ಸುತ್ತು ಹೊಡೆದು ದಬ್ಬೆಂದು ಅಂಗಾತ ಬಿತ್ತು. ಸತ್ತಂತೆ ಬಿತ್ತು. ಡಾಕ್ಟರೇ ಹೆದರಿ ನಾಡಿ ಹಿಡಿದು ನೋಡಿದರು. ಆಮೇಲೆ ಅವರು ಆ ಕತೆಯನ್ನು ಹೇಳದ ಮದುವೆ ಮುಂಜಿಗಳಿಲ್ಲ. ಹೇಳಿದಷ್ಟೂ ಸಲ ಮೆಕ್ಸಿಕನ್ ಪೈಲ್ವಾನ ಒಂದೊಂದು ಇಂಚು ಎತ್ತರವಾಗುತ್ತಾ ಹೋದ.

ಇನ್ನು ಮಿಸೆಸ್ ಡಾಸನ್ ವಿಷಯಕ್ಕೆ ಬರಬೇಕು. ಎಪ್ಪತ್ತು ದಾಟಿದ ಇಂಗ್ಲಿಷ್ ಮುದುಕಿ. ಶನಿವಾರದ ಕುಸ್ತಿ ಎಜ್‌ವೇರಿನ ಹಾಲಿನಲ್ಲಿದ್ದರೆ ಮುಂದಿನ ಸಾಲಿನ ಕುರ್ಚಿ ಅವರದೇ. ಗೂಬೆ ಒಳಗೆ ಬರುತ್ತಲೇ ಎದ್ದು ನಿಂತು ಬೈಯತೊಡಗಿದರೆ ಮುಗಿಯುವ ತನಕ ಕೂರುತ್ತಿರಲಿಲ್ಲ. ಒಮ್ಮೆ ಕೈಚೀಲದಿಂದ ಬಡಿದೂ ಇದ್ದರು. ವಾರದ ನಡುವೆ ಅದೇ ಮಿಸೆಸ್ ಡಾಸನ್ ಕೆಂಟನ್ನಿನ ಪಾರ್ಕಿಗೆ ಬಂದು ಬೆಂಚಿನಲ್ಲಿ ಕೂತು, ಗುಲಾಬಿ ಕತ್ತರಿಸುತ್ತಿದ್ದ ತೋಟಗಾರನಿಗೆ ತನ್ನ ಬಿಸ್ಕೆಟ್ಟು ಹಂಚಿ, ಮೆತ್ತಗಿನ ದನಿಯಲ್ಲಿ ಕಷ್ಟಸುಖ ಹೇಳುತ್ತಿದ್ದರು.

“ಇವತ್ತು ಮಿಸೆಸ್ ಡಾಸನ್ ನನ್ನ ಹತ್ತಿರ ನನ್ನನ್ನೇ ತುಂಬ ಬೈದರು,” ಎಂದು ಭಾವ ಸಂಜೆ ಬಂದು ವರದಿ ಒಪ್ಪಿಸುತ್ತಿದ್ದರು.

“ನೀವು ಎಂತ ಹೇಳಿದ್ರಿ?”

“ಹೌದು ಅಂದೆ. ಅಂಥವನನ್ನು ಊರೊಳಗೆ ಬಿಡಬಾರದು ಅಂದೆ.”

ಹೀಗೆ ಎಂಟು ವರ್ಷ ನಡೆಯಿತು ಎಂದರೆ ನೀವು ನಂಬಬೇಕು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕುಸ್ತಿ ನೋಡುವವರು ಕಡಿಮೆಯಾದರು, ಭಾವನ ಮಂಡಿಯೂ ಹೋಯಿತು. ಎಜ್‌ವೇರಿನ ಹಾಲಿನಲ್ಲಿ ಕೊನೆಯ ಪಂದ್ಯ ಎಂದು ನಿಗದಿಯಾಯಿತು. ಏರ್ಪಡಿಸಿದವರು ಕೇಳಿದ್ದು ಒಂದೇ: ಮುಖವಾಡವನ್ನು ಪಣಕ್ಕಿಡುತ್ತೀರಾ? ಸೋತರೆ ಎಲ್ಲರೆದುರು ಅದನ್ನು ಬಿಚ್ಚಿ, ನಿಜವಾದ ಹೆಸರು, ಊರು ಹೇಳಬೇಕು. ಆಮೇಲೆ ಜೀವಮಾನದಲ್ಲಿ ಮತ್ತೆ ಧರಿಸುವಂತಿಲ್ಲ. ಬೇಡವೆಂದರೆ ಗೂಬೆಯಾಗಿಯೇ ಮನೆಗೆ ಹೋಗಬಹುದಿತ್ತು.

ಒಂದು ವಾರ ಭಾವ ಸಂಜೆಯಾದರೆ ಮುಖವಾಡವನ್ನು ಮಡಿಲಲ್ಲಿಟ್ಟುಕೊಂಡು ಅದರ ಹೊಲಿಗೆ ಸವರುತ್ತಿದ್ದರು. ಆ ಮುಖವಾಡವನ್ನು ಅವರಿಗೆ ಹೊಲಿದುಕೊಟ್ಟದ್ದು ಅವರ ತಾಯಿ ಎಂದು ನನಗೆ ಗೊತ್ತಾದದ್ದೇ ಆಗ. ಹಳದಿ ಚಕ್ರ ಹರಿದಾಗಲೆಲ್ಲ ಅಕ್ಕ ತೇಪೆ ಹಾಕಿದ್ದಳು, ಉಳಿದ ಹೊಲಿಗೆ ಆ ತಾಯಿಯದೇ.

“ಬೇಡವಾದ್ರೆ ಬೇಡ. ಯಾರೂ ಬಲವಂತ ಮಾಡುವುದಿಲ್ಲ,” ಎಂದಳು ಅಕ್ಕ.

“ಎದುರು ಆಡುವವನು ಒಳ್ಳೆಯ ಆಟಗಾರ. ಗೂಬೆಯ ಮುಖ ತೆಗೆಸಿದವನು ಅಂತ ಅವನಿಗೆ ಹೆಸರು ಬರ್ತದೆ,” ಎಂದರು ಭಾವ. “ನಾನು ಸುಮ್ಮನೆ ಮನೆಗೆ ಹೋದರೆ ಯಾರಿಗೆ ಎಂತ ಬರ್ತದೆ?”

ಆ ಶನಿವಾರ ಸಭಾಂಗಣ ಅರ್ಧ ತುಂಬಿತ್ತು. ಭಾವ ಕುಂಟುತ್ತಲೇ ಕೂದಲೆಳೆದರು, ಕಚ್ಚಿದರು, ಮಿಸೆಸ್ ಡಾಸನ್ ಗಂಟಲು ಹರಿಯುವಂತೆ ಬೈದರು. ಇಪ್ಪತ್ತು ನಿಮಿಷಕ್ಕೆ ಭಾವನ ಬೆನ್ನು ನೆಲಕ್ಕೆ ತಾಗಿತು. ಅವರು ಎದ್ದು ಮಂಡಿಯೂರಿ ಕೂತು ತಾವೇ ಲೇಸು ಬಿಚ್ಚಿಕೊಂಡರು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಮುಖವಾಡ ತೆಗೆದು ಗೆದ್ದವನ ಕೈಗೆ ಕೊಟ್ಟರು. ಮೈಕಿನಲ್ಲಿ ಹೆಸರು ಹೇಳಿದರು. ಊರು ಯಾವುದು ಎಂದಾಗ ಅಕ್ಕನತ್ತ ಒಮ್ಮೆ ನೋಡಿ, “ಕ್ವೀನ್ಸ್‌ಬರಿ,” ಎಂದರು.

ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಮಿಸೆಸ್ ಡಾಸನ್ ಮಾತ್ರ ಅಂದು ಮೊದಲ ಬಾರಿಗೆ ಕುರ್ಚಿಯಲ್ಲಿ ಕೂತರು. ನಾನು ನೋಡುವಷ್ಟರಲ್ಲಿ ಕುರ್ಚಿ ಖಾಲಿಯಾಗಿತ್ತು.

ಮರುವಾರ ಅವರು ಪಾರ್ಕಿಗೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಭಾವನಿಗೆ ಊಟ ಸೇರದಾಯಿತು. ಮುಖವಾಡ ಹೋದದ್ದಕ್ಕಿಂತ ಇದೇ ದೊಡ್ಡ ಚಿಂತೆ. ಮೂರನೆಯ ವಾರ ಅಕ್ಕನಿಗೆ ಕನ್ನಡ ಬಂತು. “ಹೋಗಿ ಮಾತಾಡಿ ಬನ್ನಿ. ಇಲ್ಲಿ ಕೂತು ಕೊರಗಿದ್ರೆ ಎಂತ ಆಗ್ತದೆ?” ಭಾವನ ಇಂಗ್ಲಿಷ್ ಗುಲಾಬಿ ಗಿಡದಾಚೆಗೆ ಹೋಗುವುದಿಲ್ಲವೆಂದು ಜೊತೆಗೆ ನನ್ನನ್ನು ಕಳಿಸಿದಳು.

ಕೌನ್ಸಿಲ್ ಫ್ಲ್ಯಾಟಿನ ಎರಡನೆಯ ಮಹಡಿ. ಬಾಗಿಲು ತೆರೆದ ಮಿಸೆಸ್ ಡಾಸನ್ ಭಾವನನ್ನೇ ನೋಡುತ್ತಾ ನಿಂತರು. ಸಿಟ್ಟಿದೆಯೆಂದು ನಾನು ಕ್ಷಮೆ ಕೇಳಲು ಹೊರಟೆ. ಅವರು ತಡೆದು, ಒಳಗೆ ಕರೆದು ಕೂರಿಸಿದರು. ಆ ಮನೆಯಲ್ಲಿ ಗಡಿಯಾರದ ಸದ್ದು ಕೂಡ ದೊಡ್ಡದಾಗಿ ಕೇಳುತ್ತಿತ್ತು.

ಅವರ ಗಂಡ ಪಾರ್ಶ್ವವಾಯು ಬಡಿದು ಹನ್ನೊಂದು ವರ್ಷ ಹಾಸಿಗೆಯಲ್ಲಿದ್ದರಂತೆ. ದನಿ ಏರಿಸಿದರೆ ಅವರು ಬೆಚ್ಚಿಬೀಳುತ್ತಿದ್ದರು. ಹಾಗಾಗಿ ಮೆಲ್ಲಗೆ ಮಾತಾಡುವುದೇ ಅಭ್ಯಾಸವಾಯಿತು. ಗಂಡ ಹೋದ ಮೇಲೆ ಮಾತಾಡಲು ಯಾರೂ ಉಳಿಯಲಿಲ್ಲ.

“ಬಾಯಿ ತೆರೆದು ಕಿರುಚಲು ಈ ಪ್ರಪಂಚದಲ್ಲಿ ನನಗಿದ್ದವನು ಅವನೊಬ್ಬ,” ಎಂದು ಅವರು ಮೆತ್ತಗೆ ಹೇಳಿದರು. “ಆ ಕೆಟ್ಟ ಗೂಬೆ. ಇನ್ನು ನಾನು ಯಾರಿಗೆ ಬೈಯಲಿ?”

ಭಾವ ಅತ್ತಿತ್ತ ನೋಡಿದರು. ಮೇಜಿನ ಮೇಲೆ ಮಿಸೆಸ್ ಡಾಸನ್ ಒಬ್ಬರೇ ಆಡುತ್ತಿದ್ದ ಇಸ್ಪೀಟು ಹರಡಿತ್ತು. ಭಾವ ಎಲೆಗಳನ್ನೆಲ್ಲ ಒಟ್ಟುಮಾಡಿ, ಕಲಸಿ, ಇಬ್ಬರಿಗೂ ಹಂಚಿದರು. ಎರಡು ಕೈ ನೆಟ್ಟಗೆ ಆಡಿದರು. ಮೂರನೆಯದರಲ್ಲಿ ಒಂದು ರಾಜನ ಎಲೆಯನ್ನು ಅಂಗಿಯ ತೋಳಿನೊಳಗೆ ತೂರಿಸಿದರು, ಅದೂ ಬಾಗಿಲ ಬಳಿ ಕೂತಿದ್ದ ನನಗೂ ಕಾಣುವಷ್ಟು ಒಡ್ಡೊಡ್ಡಾಗಿ.

ಮಿಸೆಸ್ ಡಾಸನ್ ಕಣ್ಣು ಆ ತೋಳಿನ ಮೇಲೆ ನೆಟ್ಟಿತು. ಅವರು ನಿಧಾನವಾಗಿ ಕುರ್ಚಿ ಹಿಂದೆ ಸರಿಸಿ ಎದ್ದು ನಿಂತರು. ಆಮೇಲೆ ಅವರ ಬಾಯಿಂದ ಬಂದದ್ದಕ್ಕೆ ಪಕ್ಕದ ಫ್ಲ್ಯಾಟಿನವರು ಗೋಡೆ ಬಡಿದರು. ಭಾವ ಕೈ ಮುಗಿದು ಕ್ಷಮೆ ಕೇಳುತ್ತಾ, ಇನ್ನೊಂದು ಎಲೆಯನ್ನು ಸಾಕ್ಸಿನೊಳಗೆ ಸೇರಿಸುತ್ತಿದ್ದರು.

ಆಮೇಲೆ ಪ್ರತಿ ಗುರುವಾರ ಕೆಲಸ ಮುಗಿಸಿ ಅಲ್ಲಿಗೆ ಹೋಗುವುದು ಭಾವನಿಗೆ ರೂಢಿಯಾಯಿತು. ಇಸ್ಪೀಟಿನಲ್ಲಿ ಅವರು ಎಂಥ ಚತುರರೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ನಾವು ಯಾರೂ ಅವರನ್ನು ಗೆದ್ದದ್ದಿಲ್ಲ. ಆದರೆ ಮಿಸೆಸ್ ಡಾಸನ್ ತೀರಿಕೊಳ್ಳುವವರೆಗಿನ ಆ ಮೂರು ವರ್ಷಗಳಲ್ಲಿ ಒಂದು ಗುರುವಾರವೂ ಭಾವ ಸಿಕ್ಕಿಬೀಳದೆ ಮನೆಗೆ ಬರಲಿಲ್ಲ.