ಅಡುಗೆಮನೆಯ ಪಿಸ್ತೂಲು ಕಾಯಿದೆ

ಸ್ವಾಮಿ, ನೀವೇ ನ್ಯಾಯ ಹೇಳಿ. ನಮ್ಮ ಕೆಂಟಕಿ ರಾಜ್ಯದ ಶಾಸನಸಭೆಯವರು ಗಂಟಲು ಹರಿದುಕೊಂಡು ಚರ್ಚಿಸಿ, ಇನ್ನು ಮೇಲೆ ಪಿಸ್ತೂಲನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ಓಡಾಡೋಕೆ ಪರ್ಮಿಟ್ ಬೇಕಿಲ್ಲ ಅಂತ ಕಾಯಿದೆ ಮಾಡಿದರು. ಗವರ್ನರ್ ಸಾಹೇಬರು ಸಹಿ ಹಾಕಿದರು. ಆದರೆ ನನ್ನ ಧರ್ಮಪತ್ನಿ ನೇಡೀನ್ ಸಹಿ ಹಾಕಲಿಲ್ಲ. ಅಲ್ಲಿಗೆ ನನ್ನ ಕಥೆ ಮುಗೀತು.

ನನ್ನದೊಂದು ಪಿಸ್ತೂಲಿದೆ. ಕೊಂಡು ವರ್ಷಗಳೇ ಆದವು. ಪರ್ಮಿಟ್ ಬೇಕು ಅಂದರೆ ಒಂದಿಡೀ ದಿನ ಕ್ಲಾಸಿನಲ್ಲಿ ಕೂರಬೇಕು, ಆಮೇಲೆ ಗುಂಡು ಹೊಡೆದು ಪಾಸಾಗಬೇಕು. (ನಾನು ಶಾಲೆಯಲ್ಲಿ ಕೂತಿದ್ದೇ ಕಡಿಮೆ, ಪಾಸಾಗಿದ್ದು ಇನ್ನೂ ಕಡಿಮೆ.) ಹಾಗಾಗಿ ಅದು ಬೀರುವಿನಲ್ಲೇ ಬೆಚ್ಚಗೆ ಮಲಗಿತ್ತು. ಹೊಸ ಕಾಯಿದೆ ಜಾರಿಗೆ ಬಂದ ಮೊದಲ ಭಾನುವಾರ ಅದನ್ನು ಸೊಂಟದ ತೊಗಲು ಚೀಲಕ್ಕೆ ಸಿಕ್ಕಿಸಿ, ಮೇಲೆ ಕೋಟು ಹಾಕಿ, ಕನ್ನಡಿ ಮುಂದೆ ನಿಂತೆ. ಆಹಾ! ಆರ್ವಿಲ್ ಪಿಕೆಟ್, ಊರ ರಕ್ಷಕ!

"ಅದೇನು ಒಂದು ಕಡೆ ವಾಲಿಕೊಂಡು ನಡೀತಿದ್ದೀಯ?" ಅಂದಳು ನೇಡೀನ್.

"ಕಾಲು ನೋವು ಕಣೇ."

"ನೀನು ಬಾಯಲ್ಲಿ ಮಿಠಾಯಿ ಇಟ್ಕೊಂಡ್ರೂ ನಂಗೆ ಗೊತ್ತಾಗುತ್ತೆ. ಹುಷಾರು."

ನನಗೆ ಸಕ್ಕರೆ ಕಾಯಿಲೆ. ಸಿಹಿಯ ವಿಷಯದಲ್ಲಿ ಅವಳೇ ಪೊಲೀಸು, ಅವಳೇ ಜಡ್ಜು.

ಈಗ ನಾನು ಮರೆತ ಸಂಗತಿ ಕೇಳಿ. ನಮ್ಮ ಚರ್ಚಿನಲ್ಲಿ ಪ್ರಾರ್ಥನೆಯ ನಡುವೆ ಪಾದ್ರಿಗಳು "ಅಕ್ಕಪಕ್ಕದವರನ್ನು ಪ್ರೀತಿಯಿಂದ ಮಾತಾಡಿಸಿ" ಅಂತಾರೆ. ಕೈ ಕುಲುಕಿ ಬಿಡುವ ಜನ ನಮ್ಮವರಲ್ಲ. ತಬ್ಬಿಕೊಳ್ಳುತ್ತಾರೆ! ಅದೂ ಮೂಳೆ ಮುರಿಯೋ ಹಾಗೆ. ಮೊದಲು ಬಂದವರು ಮಿಸ್ ಯೂಲಾ. ಎಂಬತ್ತು ದಾಟಿದ ಹಿರಿಯಮ್ಮ, ಕಿವಿ ಮಂದ, ಗಂಟಲು ಮಾತ್ರ ಕಂಚು.

"ಅಯ್ಯೋ ಆರ್ವಿಲ್! ನಿನ್ನ ಸೊಂಟದಲ್ಲಿ ಇದೇನೋ ಗಡ್ಡೆ ಎದ್ದಿದೆಯಲ್ಲೋ! ಡಾಕ್ಟರಿಗೆ ತೋರಿಸಿದ್ಯಾ?"

ಇಡೀ ಚರ್ಚು ತಿರುಗಿ ನೋಡಿತು. ಹಿಂದಿನ ಬೆಂಚಿನವರು ನನ್ನ ಆಯುಸ್ಸಿಗಾಗಿ ಪ್ರಾರ್ಥನೆ ಶುರು ಮಾಡಿದರು. ನೇಡೀನ್ ಮಾತ್ರ ನನ್ನ ಕೋಟನ್ನು ದುರುಗುಟ್ಟಿ ನೋಡುತ್ತಿದ್ದಳು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಪ್ರಾರ್ಥನೆ ಆದಮೇಲೆ ಊಟ, ಮನೆಮನೆಯಿಂದ ತಂದ ಅಡುಗೆ. ನಾನು ಒಂದು ಕೈಯಲ್ಲಿ ಬೀನ್ಸು, ಜೋಳದ ರೊಟ್ಟಿಯ ತಟ್ಟೆ, ಇನ್ನೊಂದರಲ್ಲಿ ಕೋಳಿ ತುಂಡಿನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಹೊಟ್ಟೆಗೆ ಜಾಗ ಬೇಕಲ್ಲ, ಬೆಲ್ಟು ಒಂದು ತೂತು ಸಡಿಲಿಸಿದ್ದೆ. ಪಿಸ್ತೂಲಿನ ಭಾರ ತನ್ನ ಕೆಲಸ ಮಾಡಿತು. ಪ್ಯಾಂಟು ನಿಧಾನವಾಗಿ ಹೊರಟಿತು. ತಟ್ಟೆ ಬಿಡಲೋ, ಪ್ಯಾಂಟು ಹಿಡಿಯಲೋ? ಯೋಚಿಸುವಷ್ಟರಲ್ಲಿ ಪ್ಯಾಂಟು ಪಾದ ಸೇರಿತ್ತು, ಅದರ ಜೊತೆ ನನ್ನ ಬಚ್ಚಿಟ್ಟ ಆಯುಧವೂ ಎಲ್ಲರ ದರ್ಶನಕ್ಕೆ ಬಂದಿತ್ತು.

"ಓ, ಗಡ್ಡೆ ಅಲ್ಲ!" ಅಂದರು ಮಿಸ್ ಯೂಲಾ, ನಿಜಕ್ಕೂ ಖುಷಿಯಿಂದ.

ನಾವು ಮನೆ ಸೇರುವ ಮೊದಲೇ ಸುದ್ದಿ ಒಹಾಯೋದಲ್ಲಿರೋ ಮಗಳು ಕೊರಿನ್ ಕಿವಿಗೆ ಬಿದ್ದಿತ್ತು. ಫೋನ್ ಬಂತು. "ಅಮ್ಮ, ಅಪ್ಪ ಹೀಗೆ ಏನೂ ಕಲೀದೆ ಪಿಸ್ತೂಲು ಸಿಕ್ಕಿಸ್ಕೊಂಡು ತಿರುಗ್ತಿದ್ರೆ ಈ ಬೇಸಿಗೆಗೆ ನಾನು ಟೆಸ್ಸಾನ ಕಳಿಸಲ್ಲ."

ಟೆಸ್ಸಾ ನನ್ನ ಆರು ವರ್ಷದ ಮೊಮ್ಮಗಳು. ವರ್ಷವಿಡೀ ನಾನು ಕಾಯೋದೇ ಅವಳು ಬರೋ ಆ ಎರಡು ವಾರಕ್ಕೆ.

"ಕಾಯಿದೆ ಪ್ರಕಾರ ನಾನೇನೂ ತಪ್ಪು ಮಾಡಿಲ್ಲ!" ಅಂತ ಕೂಗಾಡಿದೆ.

"ಅದು ರಾಜಧಾನಿಯವರ ಕಾಯಿದೆ," ಅಂದಳು ನೇಡೀನ್. "ಈ ಅಡುಗೆಮನೆ ಕಾಯಿದೆ ಬೇರೆ. ಕ್ಲಾಸಿಗೆ ಹೋಗು, ಪಾಸಾಗು, ಪರ್ಮಿಟ್ ತಗೋ. ಬೇಕು ಅಂದವರಿಗೆ ಈಗಲೂ ಕೊಡ್ತಾರಂತೆ. ನೀನು ಒಬ್ಬನೇ ಹೋದ್ರೆ ನಡುವೆ ಓಡಿ ಬರ್ತೀಯ, ನಾನೂ ಜೊತೆಗೆ ಬರ್ತೀನಿ."

ಹೋದೆವು. ಪಾಠ ಹೇಳಿದವರು ಕಂಡಿಫ್ ಅಂತ ನಿವೃತ್ತ ಪೊಲೀಸ್ ಅಧಿಕಾರಿ. ನಾನು ತೂಕಡಿಸಿದೆ, ನೇಡೀನ್ ಪ್ರಶ್ನೆ ಕೇಳಿದಳು. ಸಂಜೆ ಮೈದಾನದಲ್ಲಿ ಎಲ್ಲರಿಗೂ ಒಂದೊಂದು ಕಾಗದದ ಮನುಷ್ಯ. ಇಪ್ಪತ್ತು ಗುಂಡಿನಲ್ಲಿ ಹನ್ನೊಂದು ತಾಗಿದರೆ ಪಾಸು. ನನ್ನ ಪಕ್ಕದ ಸಾಲಿನಲ್ಲೇ ನೇಡೀನ್, ಜೀವಮಾನದಲ್ಲಿ ಪಿಸ್ತೂಲು ಮುಟ್ಟದವಳು. ನಾನು ಒಂದು ಕಣ್ಣು ಮುಚ್ಚಿ (ಯಾವುದನ್ನು ಮುಚ್ಚಬೇಕಿತ್ತೋ ಅದನ್ನಲ್ಲ ಅಂತ ಆಮೇಲೆ ತಿಳೀತು) ಢಂ ಢಂ ಅನ್ನಿಸಿದೆ.

ಕಂಡಿಫ್ ಸಾಹೇಬರು ನೇಡೀನಳ ಕಾಗದ ಹಿಡಿದು ತಲೆ ಕೆರೆದುಕೊಂಡರು.

"ಅಮ್ಮಾ, ನಿಮಗೆ ಕೊಟ್ಟಿದ್ದು ಇಪ್ಪತ್ತು ಗುಂಡು. ಇಲ್ಲಿ ಇಪ್ಪತ್ತೆಂಟು ತೂತಿದೆ. ಎದೆಯಲ್ಲಿರೋ ಇಪ್ಪತ್ತು ನಿಮ್ಮದು. ಕಿವಿ, ಮೊಣಕೈ ಹತ್ತಿರ ಇರೋ ಎಂಟು..."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕಾಗದದ ಮನುಷ್ಯ ಹೆಚ್ಚೂಕಮ್ಮಿ ಒಂದು ಗೀರೂ ಇಲ್ಲದೆ ನಿಂತಿದ್ದ.

ಮನೆಗೆ ಬರುವ ದಾರಿಯಲ್ಲಿ ನೇಡೀನಳೇ ಗಾಡಿ ಓಡಿಸಿದಳು. ನಾನೇ ಅಂದೆ: "ತಗೊಳ್ಳೇ. ಪಾಸಾದವಳು ನೀನು, ಪಿಸ್ತೂಲು ನೀನೇ ಇಟ್ಕೋ. ಉಕ್ಕಿನ ಪೆಟ್ಟಿಗೇಲಿ ಹಾಕಿ ಬೀಗ ಹಾಕು. ಅದರ ನಂಬರು ನಂಗೆ ಹೇಳಲೇಬೇಡ. ಮಗು ಬರಲಿ, ಅಷ್ಟೇ."

ನೇಡೀನ್ ಗಾಡಿ ಓಡಿಸುತ್ತಲೇ ನನ್ನ ಕೈ ಹಿಡಿದಳು. "ಇವತ್ತು ನೀನು ಗುರಿಗೆ ಹೊಡೆದಿದ್ದು ಇದೊಂದೇ," ಅಂದಳು.

ಬೇಸಿಗೆ ರಜ ಮುಗಿಯುವ ಮೊದಲೇ ಟೆಸ್ಸಾ ಬಂದಳು! ಕಾರಿಂದ ಇಳಿದವಳೇ ಸೊಂಟದ ಮೇಲೆ ಕೈ ಇಟ್ಟು, "ತಾತ, ಕೈ ಮೇಲೆತ್ತು. ಚೆಕ್ ಮಾಡು ಅಂದಿದಾಳೆ ಅಮ್ಮ," ಅಂದಳು. ಎತ್ತಿದೆ. ಪುಟ್ಟ ಕೈ ನನ್ನ ಸೊಂಟವೆಲ್ಲ ತಡಕಿ, ಪಿಸ್ತೂಲಿಲ್ಲದ ತೊಗಲು ಚೀಲದೊಳಗೆ ನುಗ್ಗಿ ನಿಂತಿತು. ಅದರಲ್ಲಿ ನಾನು ಅವಳಿಗೆಂದೇ (ಸರಿ, ಅರ್ಧ ನನಗೂ) ಬಚ್ಚಿಟ್ಟ ಕ್ಯಾರಮೆಲ್ ಮಿಠಾಯಿಗಳಿದ್ದವು.

"ಶ್ಶ್! ಅಜ್ಜಿಗೆ ಹೇಳಬೇಡ ಪುಟ್ಟಿ," ಎಂದು ಪಿಸುಗುಟ್ಟಿದೆ.

ಅವಳು ಗಂಭೀರವಾಗಿ ತಲೆಯಾಡಿಸಿದಳು. ಹಿತ್ತಲ ಮೆಟ್ಟಿಲ ಮೇಲೆ ಕೂತು ಅಷ್ಟನ್ನೂ ತಿಂದಳು. ನನಗೆ ಒಂದೂ ಕೊಡಲಿಲ್ಲ. ಆಮೇಲೆ ಓಡಿ ಬಂದು, "ತಾತಾ!" ಅಂತ ಗಟ್ಟಿಯಾಗಿ ತಬ್ಬಿಕೊಂಡಳು. ನನ್ನ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ನೇಡೀನ್ ಬಂದಳು. ಅವಳ ಮೂಗು ಕ್ಯಾರಮೆಲ್ ವಾಸನೆ ಹಿಡಿದಿತ್ತು. ನೇರ ನನ್ನ ಕೋಟಿನ ಜೇಬಿಗೆ ಕೈ ಹಾಕಿದಳು. ಹೊರಗೆ ಬಂದಿದ್ದು ಮಿಠಾಯಿ ಸುತ್ತಿದ್ದ ಖಾಲಿ ಕಾಗದಗಳು, ಮುಷ್ಟಿ ತುಂಬ! ತಬ್ಬಿಕೊಂಡಾಗಲೇ ಆ ಪುಣ್ಯಾತ್ಗಿತ್ತಿ ತುರುಕಿಬಿಟ್ಟಿದ್ದಳು. ಈಗ ಅಜ್ಜಿಯ ಲಂಗದ ಹಿಂದೆ ನಿಂತು, ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದಾಳೆ, ಏನೂ ಅರಿಯದವಳ ಹಾಗೆ.

ನಿಜ ಹೇಳೋಣ ಅಂತ ಬಾಯಿ ತೆರೆದೆ. ಟೆಸ್ಸಾ ಬೆರಳನ್ನು ತುಟಿಯ ಮೇಲಿಟ್ಟಳು.

ಬಾಯಿ ಮುಚ್ಚಿಕೊಂಡೆ.

"ಇದಕ್ಕೆ ಪರ್ಮಿಟ್ ಇದೆಯಾ?" ಅಂದಳು ನೇಡೀನ್.