ಸ್ಪೇನಿನ ಸೂರ್ಯ, ಅವ್ವನ ಗಡ್ಯಾಳ

ಚಹಾ ಬರುವಷ್ಟರಲ್ಲಿ ಹೇಳಿಬಿಡುತ್ತೇನೆ, ಕೇಳ್ರಿ. ಸ್ಪೇನ್ ದೇಶವನ್ನು ಮೂಲೆಮೂಲೆ ಸುತ್ತಿ ಬಂದವನು ಅಥಣಿ ತಾಲೂಕಿನಲ್ಲಿ ನಾನೊಬ್ಬನೇ. ಅಲ್ಲಿಯ ಭಾಷೆ ನನಗೆ ನೀರು ಕುಡಿದಷ್ಟು ಸಲೀಸು. ಇದು ಸುಳ್ಳು. ಹೋಗಿದ್ದು ಒಂದೇ ಸಲ, ಭಾಷೆಯಲ್ಲಿ ಕಲಿತದ್ದು ಎರಡು ಶಬ್ದ, ಅದರಲ್ಲಿ ಒಂದು ಮರೆತಿದೆ. ನಾನು ದ್ರಾಕ್ಷಿ ತೋಟಗಳಿಗೆ ಹನಿ ನೀರಾವರಿ ಪೈಪು ಮಾರುವವ. ಹೆಚ್ಚು ಮಾರಿದವರನ್ನು ಕಂಪನಿಯವರು ಮನೆಯವರ ಸಮೇತ ಪರದೇಶ ಸುತ್ತಿಸುತ್ತಾರೆ. ಮನೆಯವರನ್ನು ಕಟ್ಟಿಕೊಂಡು ಕಾಗವಾಡಕ್ಕೆ ಲಗ್ನಕ್ಕೆ ಹೋದರೂ ನನಗೆ ಏನಾದರೊಂದು ಆಗಿಯೇ ತೀರುತ್ತದೆ. ಇದಂತೂ ಪರದೇಶ.

ಕಂಪನಿಯವರು ಬಿಡುವು ಕೊಟ್ಟ ದಿನ ಅವ್ವ, ಹೆಂಡತಿ, ನಾನು ರೈಲು ಹತ್ತಿ ಟೊಲೆಡೊ ಎಂಬ ಹಳೆಯ ಊರಿಗೆ ಹೋದೆವು. ಗುಡ್ಡದ ಮೇಲೆ ಊರು, ಮೂರು ಕಡೆ ಹೊಳೆ. ನಾವು ಜೈನರು. ಅವ್ವ ಲಗ್ನವಾಗಿ ಬಂದಾಗಿನಿಂದ ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಬಾಯಿಗಿಟ್ಟವಳಲ್ಲ. "ಹೊತ್ತ ಮುಳಗೂದ್ರಾಗ ನನ್ನ ಊಟ ಆಗಬೇಕ ನೋಡ" ಅಂತ ಬೆಳಿಗ್ಗೆಯೇ ತಾಕೀತು ಮಾಡಿದ್ದಳು. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಹೆಂಡತಿಯ ಚೀಲದಲ್ಲಿದ್ದವು.

೧. ಚಪ್ಪಲಿ

ಗುಡ್ಡದ ಬುಡದಲ್ಲಿ ಅವ್ವ ಕೇಳಿದಳು, "ಮ್ಯಾಲ ಏನೈತೋ?"

ಸುಮ್ಮನಿರಬೇಕಿತ್ತು. "ದೊಡ್ಡ ಕ್ಷೇತ್ರ ಐತಿ ಬೇ" ಅಂದೆ.

ಅವ್ವ ಅಲ್ಲೇ ಚಪ್ಪಲಿ ಬಿಟ್ಟು, ಕೈಮುಗಿದು, ಮೆಟ್ಟಿಲು ಏರತೊಡಗಿದಳು. ನಮ್ಮ ಕಡೆ ಕ್ಷೇತ್ರದ ಗುಡ್ಡ ಏರುವುದೇ ಹಾಗೆ. ಅರ್ಧ ಏರುವಷ್ಟರಲ್ಲಿ ಕಲ್ಲು ಕಾದ ಹಂಚು. "ಹೋಗ್ರಿ, ತಗೊಂಡ ಬರ್ರಿ" ಅಂತ ಹೆಂಡತಿ ಕಣ್ಣಲ್ಲೇ ಸುಟ್ಟಳು.

ಇಳಿದೆ. ಯಾರೋ ಪುಣ್ಯಾತ್ಮರು ಆ ಜೋಡನ್ನು ಗೋಡೆಯ ಮೇಲೆ ಒಪ್ಪವಾಗಿ ಇಟ್ಟಿದ್ದರು. ನಾಲ್ಕು ಜನ ಪ್ರವಾಸಿಗರು ಅದರ ಫೋಟೋ ತೆಗೆಯುತ್ತಿದ್ದರು. ನಾನು ಎತ್ತಿಕೊಂಡು ನಡೆದರೆ ಒಬ್ಬ "ಹೇಯ್!" ಅಂತ ಕೂಗಿದ. ವಿವರಿಸಲು ಭಾಷೆ ಬೇಕಲ್ಲ, ಓಡಿದೆ.

ಹೆತ್ತವ್ವನ ಚಪ್ಪಲಿ ಕದ್ದು ಓಡಿದ ಮಗ ಆ ಊರಿನ ಇತಿಹಾಸದಲ್ಲಿ ಬೇರೆ ಇರಲಿಕ್ಕಿಲ್ಲ.

೨. ಮೂರು ಸುತ್ತು

ತಂದರೂ ಅವ್ವ ಹಾಕಿಕೊಳ್ಳಲಿಲ್ಲ. "ದರ್ಶನ ಆಗಲಿ ತಡಿ" ಅಂದು ನೆರಳು ಹಿಡಿದು ನಡೆದಳು. ಚಪ್ಪಲಿ ನನ್ನ ಕೈಯಲ್ಲಿ.

ಅಲ್ಲಿಯ ಓಣಿಗಳೋ, ಎದುರು ಒಬ್ಬ ಬಂದರೆ ನಾವು ಗೋಡೆಗೆ ಅಂಟಿಕೊಳ್ಳಬೇಕು. ದಾರಿ ತಪ್ಪಿತು. ಕನ್ನಡ ತಿಳಿಯದವರೆಲ್ಲ ಮರಾಠಿಯವರು ಎಂಬುದು ನಮ್ಮ ಕಡೆಯ ನಂಬಿಕೆ. ಹೆಂಡತಿ ಒಬ್ಬ ಮುದುಕನಿಗೆ, "ಕಾಕಾ, ಮೋಠಂ ದೇಊಳ ಕುಠಂ ಆಹೇ?" ಅಂತ ದೊಡ್ಡ ಗುಡಿಯ ದಾರಿ ಕೇಳಿದಳು. ಕಾಕಾ ತನ್ನ ಭಾಷೆಯಲ್ಲಿ ಐದು ನಿಮಿಷ ಹೇಳಿದ. ಇವಳು "ಹೋ, ಹೋ" ಅಂದಳು. ಹೊರಟೆವು. ಕತ್ತಿ ಮಾರುವ ಅಂಗಡಿಯೊಂದು ಬಂತು. ಮತ್ತೆ ಹೊರಟೆವು, ಮತ್ತೆ ಅದೇ ಅಂಗಡಿ. ಮೂರನೆಯ ಸಲ ಅಂಗಡಿಯವನೇ ಮರುಗಿ ಅವ್ವನಿಗೆ ಕುರ್ಚಿ ಹಾಕಿದ.

ಅವ್ವ ಕೂತು ಅಂದಳು, "ಮೂರ ಪ್ರದಕ್ಷಿಣಿ ಆದುವು. ಇನ್ನರೆ ದೇವರನ್ನ ತೋರಸೋ."

ಕ್ಷೇತ್ರ ಇಲ್ಲವೆಂದು ಒಪ್ಪಿಕೊಂಡೆ. "ಹಂಗಾರ ಕೊಡ ಇಲ್ಲೆ ಚಪ್ಪಲಿ" ಅಂದಳು. ಎರಡು ಹೆಜ್ಜೆ ದೂರ ನಿಂತೇ ಕೊಟ್ಟೆ.

೩. ಗಡ್ಯಾಳ

ಕೊನೆಗೆ ಒಂದು ಮರ, ಕಟ್ಟೆ, ಪಕ್ಕದಲ್ಲಿ ನೀರಿನ ನಳ ಸಿಕ್ಕವು. ಡಬ್ಬಿ ಬಿಚ್ಚಿದೆವು. ಅವ್ವ ಕೈಗಡ್ಯಾಳ ನೋಡಿದಳು. ಅದರಲ್ಲಿ ಇನ್ನೂ ಅಥಣಿಯ ವೇಳೆ.

"ಏಳ ಹೊಡದು ಹತ್ತ ಮಿನಿಟ ಆಗೇತಿ. ಹೊತ್ತ ಮುಳಗ್ತು. ಮುಚ್ಚ ಡಬ್ಬಿ."

ಬಿಸಿಲು ನಡುನೆತ್ತಿ ಸುಡುತ್ತಿತ್ತು. "ಬೇ, ಮ್ಯಾಲ ನೋಡಬೇ!"

"ಅದು ಇವರ ಹೊತ್ತು. ನಾ ನೇಮ ಹಿಡದದ್ದು ನಮ್ಮೂರ ಹೊತ್ತಿಗಿ."

"ಸೂರ್ಯಾ ಎಲ್ಲಾರಿಗೂ ಒಬ್ಬನ ಅಲ್ಲೇನ?"

"ಇರ್ಲಿ ಬಿಡ. ಗಡ್ಯಾಳ ನಂದ."

ಬೆಳಿಗ್ಗೆ ಒಂದು ಲೋಟ ಹಾಲು ಕುಡಿದವಳು. ಮುಖ ಬಾಡಿತ್ತು. ಕ್ಷೇತ್ರ ಐತಿ ಅಂದ ನನ್ನ ಚೇಷ್ಟೆಗೆ ಈಗ ನನಗೇ ನಗು ಬರಲಿಲ್ಲ. "ಅತ್ತಿ ಏನರೆ ಬಿದ್ರ, ನೀವ ಹೊತ್ಕೊಂಡ ಇಳೀಬೇಕ" ಅಂದಳು ಹೆಂಡತಿ.

ಅವ್ವ ಗಡ್ಯಾಳ ಬಿಚ್ಚಿ ನನ್ನ ಕೈಗಿತ್ತು ಮುಖ ತೊಳೆಯಲು ಹೋದಳು. ಮೂರೂವರೆ ತಾಸು ಹಿಂದಕ್ಕೆ ತಿರುಗಿಸಿಬಿಟ್ಟೆ. ಬಂದವಳು ಅದನ್ನು ನೋಡಿದಳು, ಕಿವಿಗೆ ಹಿಡಿದಳು, ನನ್ನನ್ನೂ ನೋಡಿದಳು.

"ಇನ್ನೂ ನಾಕ ಹೊಡದಿಲ್ಲ. ನೀಡ ರೊಟ್ಟಿ."

ನಾಲ್ಕು ರೊಟ್ಟಿ ತಿಂದಳು. ಅಥಣಿಯಲ್ಲಿ ಮುಳುಗಿದ ಸೂರ್ಯನನ್ನು ಸ್ಪೇನಿನಲ್ಲಿ ಕೂತು ಮೇಲಕ್ಕೆತ್ತಿದವ ನಾನು.

೪. ಪಾಪ ಯಾರದು

ಮರಳುವ ರೈಲಿನಲ್ಲಿ ಅವ್ವ ಮೆಲ್ಲಗೆ ಕೇಳಿದಳು, "ಗಡ್ಯಾಳ ತಿರವಿದಿ, ಹೌದಲ್ಲ?"

"ಗೊತ್ತಿತ್ತೇನ ಬೇ?"

"ಹಸಿವ್ಯಾಗಿತ್ತು, ಸುಮ್ಮನಾದೆ. ನಾ ತಿರವಿದ್ರ ಪಾಪ ನಂದಾಗತಿತ್ತು. ನೀ ತಿರವಿದಿ, ನಿಂದಾತು. ನಾಳಿ ಉಪಾಸ ಮಾಡ."

ಮರುದಿನವೇ ಕಂಪನಿಯ ದೊಡ್ಡ ಊಟ. ಕಂಪನಿಯವರು ಹುಬ್ಬಳ್ಳಿಯಿಂದ ಕರೆತಂದಿದ್ದ ಅಡುಗೆಯವ ಹೋಳಿಗೆ, ಎಣ್ಣೆಗಾಯಿ ಮಾಡಿದ್ದ. ನನ್ನ ಎದುರಿಗೇ ಕೂತು ಅವ್ವ ಎರಡು ಹೋಳಿಗೆ ತಿಂದಳು. ನಾನು ಬಿಸಿನೀರು ಕುಡಿದೆ. ನನ್ನ ಪಾಲಿನ ಹೋಳಿಗೆಯನ್ನು ಅವ್ವ ಕಟ್ಟಿಸಿಕೊಂಡು ತಾನೇ ತಲೆದಿಂಬಿನ ಬದಿಗೆ ಇಟ್ಟುಕೊಂಡಳು.

ಮಾರನೆಯ ನಸುಕಿಗೇ ಎದ್ದು ಹೋದೆ. "ಬೇ, ಅಥಣ್ಯಾಗ ಹೊತ್ತ ಮೂಡಿ ಎಷ್ಟೋ ಹೊತ್ತಾತು. ಹೋಳಿಗಿ ತಿನ್ಲಿ?"

ಅವ್ವ ಮಣಿಕಟ್ಟು ನನ್ನ ಮುಖಕ್ಕೆ ಹಿಡಿದಳು. "ಗಡ್ಯಾಳ ಈಗ ಇಲ್ಲೀ ಹೊತ್ತ ತೋರಸಾಕತ್ತೈತಿ. ನೀನ ತಿರವಿದ್ದು. ಕುಂದ್ರು."

ಅವತ್ತಿನ ಹಸಿವು ಇನ್ನೂ ಇಳಿದಿಲ್ಲ ನೋಡ್ರಿ. ಈ ಚಹಾದ ರೊಕ್ಕ ನೀವ ಕೊಟ್ಟಬಿಡ್ರಿ. ಹೊತ್ತು ಇನ್ನೂ ಮುಳುಗಿಲ್ಲ, ಒಂದ ಪ್ಲೇಟ ಭಜಿನೂ ಹೇಳ್ರಿ.