ಹೆಚ್ಚಿಗೆ ಬಿದ್ದ ಒಂದು ಏಟು

ನಲವತ್ತಾರನೇ ವಯಸ್ಸಿನಲ್ಲಿ ಹೆಂಗಸೊಬ್ಬಳು ಹೊಸದಾಗಿ ಏನನ್ನಾದರೂ ಕಲಿಯಲು ಹೊರಟರೆ, ಅದರಿಂದ ಸಪ್ಪಳ ಬರುತ್ತದೆಯೋ ಇಲ್ಲವೋ ಎಂಬುದನ್ನು ಮನೆಯವರು ಮೊದಲು ನೋಡುತ್ತಾರೆ. ಕಸೂತಿಯಾದರೆ ಯಾರದೂ ತಕರಾರಿಲ್ಲ. ಯೋಗಾಸನವೂ ನಡೆಯುತ್ತದೆ, ಬಂದರೆ ಮೊಣಕಾಲಿನ ಲಟಕು ಸಪ್ಪಳ ಅಷ್ಟೇ. ನಾನು ಕಲಿಯಲು ಹೋದದ್ದು ಡೋಲು ಬಾರಿಸುವುದನ್ನು. ಅದೂ ತಲೆಗೆ ಕೇಸರಿ ಪೇಟ ಸುತ್ತಿ, ಕಣ್ಣಿಗೆ ಕರಿ ಕನ್ನಡಕ ಹಾಕಿ, ಮದುವೆ ಮೆರವಣಿಗೆಗಳ ಮುಂದೆ ಕುಣಿಯುತ್ತ ಬಾರಿಸುವ ಹೆಂಗಸರ ಝಾಂಜ್ ಪಥಕದಲ್ಲಿ. ಇದನ್ನು ಓದಿ ನಗುವವರು ಈಗಲೇ ನಕ್ಕುಬಿಡಿ. ಮುಂದೆ ಇನ್ನೂ ಇದೆ.

ನಾನು ಬನಹಟ್ಟಿಯ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಹನ್ನೊಂದು ವರ್ಷಗಳಿಂದ ಶಾಲೆಯ ಬ್ಯಾಂಡಿನ ಉಸ್ತುವಾರಿಯೂ ನನ್ನದೇ. ಅದೇನು ನಾನು ಬೇಡಿ ಪಡೆದದ್ದಲ್ಲ. "ಬ್ಯಾಂಡ್ ಅಂದ್ರ ಎಣಿಸೋದ ಅಲ್ರಿ? ಎಣಿಸಾಕ ನಿಮಗ ಬಿಟ್ರ ಯಾರಿಗೆ ಬರತೈತಿ?" ಎಂದು ಆಗಿನ ಮುಖ್ಯಾಧ್ಯಾಪಕರು ಒಂದು ದೊಡ್ಡ ಡ್ರಮ್ಮು, ಆರು ಸಣ್ಣ ಡ್ರಮ್ಮು, ಒಂದಿಷ್ಟು ಕೊಳಲು, ಒಂದು ಜೊತೆ ತಾಳವನ್ನು ನನ್ನ ಕೊರಳಿಗೆ ಕಟ್ಟಿದ್ದರು. ನಾನೂ ಎಣಿಸುತ್ತ ಕಲಿತೆ, ಎಣಿಸುತ್ತ ಕಲಿಸಿದೆ. ಎಡ, ಬಲ, ಎಡ, ಬಲ. ಧಮ್, ಧಮ್, ಧಮ್ ಧಮ್ ಧಮ್. ಐದು ಏಟು. ಇದರಲ್ಲಿ ಯಾವ ಹುಡುಗಿಯಾದರೂ ತನ್ನ ಕೈಚಳಕ ತೋರಿಸಹೋದರೆ, "ಇದು ಲೆಕ್ಕ, ಇಲ್ಲಿ ಕವನ ಬರೀಬ್ಯಾಡ" ಎಂದು ಗದರುತ್ತಿದ್ದೆ. ನನ್ನ ಶಿಸ್ತಿನ ಬಗ್ಗೆ ನನಗೆ ಬಹಳ ಅಭಿಮಾನವಿತ್ತು.

ಕಳೆದ ಏಪ್ರಿಲಿನಲ್ಲಿ ಮಹಾಲಿಂಗಪುರದಲ್ಲಿ ಅಣ್ಣನ ಮಗಳ ಮದುವೆಯಾಯಿತು. ಅಲ್ಲಿಗೆ ಬಂದಿದ್ದ ಪಥಕದ ಯಜಮಾನಿ ಗಂಗವ್ವ. ಅವರದು ಅದೇ ಊರಿನಲ್ಲಿ ಖಾನಾವಳಿ. ಮುಂಜಾನೆ ರೊಟ್ಟಿ ಬಡಿಯುತ್ತಾರೆ, ಸಂಜೆ ಡೋಲು. ಮೂವತ್ತು ಹೆಂಗಸರು ಒಮ್ಮೆಗೇ ಡೋಲಿಗೆ ಕೈ ಹಾಕಿದಾಗ ನನ್ನ ಎದೆಯೊಳಗೆ ಏನೋ ಕಳಚಿ ಬಿದ್ದಂತಾಯಿತು. ಮೆರವಣಿಗೆ ಮುಗಿದ ಮೇಲೆ ಅವರ ಹತ್ತಿರ ಹೋಗಿ, ನಾನೂ ಹನ್ನೊಂದು ವರ್ಷದಿಂದ ಬ್ಯಾಂಡು ಕಲಿಸುತ್ತೇನೆಂದು ಸ್ವಲ್ಪ ಜಂಬದಿಂದಲೇ ಹೇಳಿದೆ. ಗಂಗವ್ವ ನನ್ನ ಅಂಗೈ ಹಿಡಿದು ತಿರುಗಿಸಿ ನೋಡಿದರು. "ರೊಟ್ಟಿ ಬಡೀತೀರೆಲ್ರಿ ಅಕ್ಕಾರ? ಮತ್ತ ಇದೇನ್ ಮಹಾ? ಇದೂ ಬಡಿಯೋದ ಐತಿ. ಹೆಂಗೂ ಸಾಲಿ ಸೂಟಿ ಐತಿ, ಬರ್ರಿ."

ಮನೆಯಲ್ಲಿ ಹೇಳಿದಾಗ ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ. ಅವರು ದಿನಾ ಬಸ್ಸಿನಲ್ಲಿ ಮುಧೋಳಕ್ಕೆ ಹೋಗಿ ಆಫೀಸಿನಲ್ಲಿ ಕೂತು ಬರುವವರು. "ನೀ ಎಲ್ಲಿ ಬೇಕಾದಲ್ಲಿ ಬಾರಿಸು. ನಮ್ಮ ಆಫೀಸಿನ ಮುಂದ ಮಾತ್ರ ಬ್ಯಾಡ ತಾಯಿ" ಎಂದರು. ಮೇ ತಿಂಗಳಲ್ಲಿ ಸರಿಯಾಗಿ ಅವರ ಆಫೀಸಿನ ಮುಂದೆಯೇ ಒಂದು ಮೆರವಣಿಗೆ ಹಾಯ್ದಿತು. ಅಂದು ಸಂಜೆ ಊಟಕ್ಕೆ ಕೂತವರು, "ಇವತ್ತ ಯಾವದೋ ಪಥಕ ಬಂದಿತ್ತು. ಅರ್ಧಾ ತಾಸು ಜಾಗಾ ಬಿಟ್ಟ ಕದಲಲಿಲ್ಲ. ಫೋನಿನಾಗ ಸಾಹೇಬರ ಮಾತ ಕೇಳಸಲಿಲ್ಲ" ಎಂದು ಬೈದರು. ಪೇಟ, ಕನ್ನಡಕದ ಮರೆಯಲ್ಲಿದ್ದ ಹೆಂಡತಿಯ ಗುರುತು ಅವರಿಗೆ ಹತ್ತಿರಲಿಲ್ಲ. ನಾನು ಇನ್ನೊಂದು ರೊಟ್ಟಿ ನೀಡಿದೆ.

ಜಾಗ ಬಿಟ್ಟು ಕದಲದಿರುವುದೇ ಪಥಕದ ಹೆಚ್ಚುಗಾರಿಕೆ ಎಂದು ಅವರಿಗೇನು ಗೊತ್ತು! ಶಾಲೆಯ ಬ್ಯಾಂಡಿಗೆ ಮುಂದೆ ನಡೆಯುವುದೇ ಕೆಲಸ. ಪಥಕಕ್ಕೆ ನಿಲ್ಲುವುದೇ ಕೆಲಸ. ಕೂಡುರಸ್ತೆ ಬಂದರೆ ನಿಲ್ಲಬೇಕು, ದೊಡ್ಡವರ ಮನೆ ಬಂದರೆ ನಿಲ್ಲಬೇಕು, ನಾಲ್ಕು ಜನ ಕೈಕಟ್ಟಿ ನೋಡುತ್ತಿದ್ದರಂತೂ ಗುಂಡಗೆ ಸುತ್ತುಗಟ್ಟಿ ನಿಂತೇ ಬಿಡಬೇಕು. ಯಜಮಾನಿ ಕೈ ಎತ್ತಿದರೆ ನಾವೂ ಕೈ ಎತ್ತಿ ಅಲ್ಲೇ ನಿಂತಂತೆ. ಒಂದು ಓಣಿ ದಾಟಲು ಎರಡು ತಾಸು ಹಿಡಿದರೆ ಆ ದಿನ ಪಥಕ ಚೆನ್ನಾಗಿ ಬಾರಿಸಿತು ಎಂದು ಅರ್ಥ. ಹಿಂದಿನಿಂದ ಯಾರಾದರೂ "ಮುಂದ ನಡೀರಿ" ಅಂದರೆ ಅದು ಬೈಗುಳಕ್ಕೆ ಸಮ. ಎರಡು ತಿಂಗಳು ನಾನು ಜಮಖಂಡಿ, ಬೀಳಗಿ, ತೇರದಾಳ ಎಂದು ತಿರುಗಿ ಹೀಗೆ ನಿಂತೆ. ಅಂಗೈ ದಡ್ಡುಗಟ್ಟಿತು, ಸೊಂಟ ಸಡಿಲವಾಯಿತು. ಇಷ್ಟು ಖುಷಿ ನನಗೆ ಮದುವೆಯಾದ ಹೊಸದರಲ್ಲೂ ಆಗಿರಲಿಲ್ಲ. ಇದನ್ನು ನಮ್ಮವರು ಓದಲಾರರು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಶಾಲೆ ಶುರುವಾಯಿತು. ಪಥಕ ಬಿಟ್ಟು ಬಂದೆ, ಕೈ ಮಾತ್ರ ಬಿಟ್ಟು ಬರಲಿಲ್ಲ. ಕುಕ್ಕರಿನ ಮುಚ್ಚಳ, ಹಿಟ್ಟಿನ ಡಬ್ಬಿ, ಬಸ್ಸಿನ ಸೀಟು, ಎಲ್ಲದರ ಮೇಲೂ ಬೆರಳು ಆಡತೊಡಗಿತು. ಪರೀಕ್ಷೆಯ ಪೇಪರು ತಿದ್ದುವಾಗ ಕೆಂಪು ಪೆನ್ನು ತನ್ನಷ್ಟಕ್ಕೆ ಕುಣಿದು, ಸರಿಯಾಗಿ ಲೆಕ್ಕ ಮಾಡಿದ ಹುಡುಗಿಯರ ಪೇಪರಿನ ಮೇಲೂ ದಡಾರದ ಗುಳ್ಳೆಗಳಂತೆ ಚುಕ್ಕೆ ಎದ್ದವು. ನಮ್ಮತ್ತೆಗೆ ಕಿವಿ ಮಂದ. ಮನೆಯಲ್ಲಿ ನನ್ನ ಮೇಲೆ ಸಿಟ್ಟಾಗದೆ ಉಳಿದವರು ಅವರೊಬ್ಬರೇ.

ಈ ವರ್ಷ ನಮ್ಮ ಬ್ಯಾಂಡಿಗೆ ಒಂದು ದೊಡ್ಡ ಯೋಗ ಬಂದಿತ್ತು. ಸ್ವಾತಂತ್ರ್ಯ ದಿನಾಚರಣೆಯ ತಾಲೂಕು ಪರೇಡಿನಲ್ಲಿ ಯಾವಾಗಲೂ ಹುಡುಗರ ಶಾಲೆಯ ಬ್ಯಾಂಡೇ ಎಲ್ಲರ ಮುಂದೆ ಹೋಗುವುದು. ಈ ಸಲ ಮೊದಲ ಬಾರಿಗೆ ಹುಡುಗಿಯರ ಬ್ಯಾಂಡು ಮುಂದಿರಲಿ ಎಂದು ತೀರ್ಮಾನವಾಗಿ ಶಾಲೆಗೆ ಪತ್ರ ಬಂದಿತ್ತು. ಅದರ ಮುಂದೆ ಕೋಲು ಹಿಡಿದು ನಡೆಯುವವಳು ಹತ್ತನೇ ತರಗತಿಯ ಭಾಗ್ಯಶ್ರೀ. ಎಂಟನೇ ತರಗತಿಯಲ್ಲಿ ತಾಳ, ಒಂಬತ್ತರಲ್ಲಿ ಸಣ್ಣ ಡ್ರಮ್ಮು ಹಿಡಿದು ಈ ಕೋಲಿನವರೆಗೆ ಬಂದವಳು. ಪತ್ರ ಬಂದ ದಿನ ಅವಳು ಮೈದಾನದ ತುಂಬ ಓಡಿದ್ದಳು. ದೊಡ್ಡ ಡ್ರಮ್ಮು ಬಾರಿಸುತ್ತಿದ್ದ ಹುಡುಗಿ ಪಾಸಾಗಿ ಹೋದದ್ದರಿಂದ, ಒಂಬತ್ತನೆಯ ಸುಮಿತ್ರಾಳಿಗೆ ಅದನ್ನು ಹೊಸದಾಗಿ ಕಲಿಸಬೇಕಿತ್ತು. ಕಲಿಸಿದವಳು ನಾನು. ನಾನು ಬಾರಿಸಿ ತೋರಿಸುವುದು, ಅವಳು ನನ್ನ ಕೈ ನೋಡಿ ಬಾರಿಸುವುದು.

ಜುಲೈ ಕೊನೆಗೆ ಪಿ.ಟಿ. ಸರ್ ನನ್ನನ್ನು ಪಕ್ಕಕ್ಕೆ ಕರೆದರು. "ಟೀಚರ, ನಮ್ಮ ಹುಡುಗ್ಯಾರ ಕಾಲಿಗೆ ಏನಾಗೇತ್ರಿ? ಎಲ್ಲಾರೂ ಕೂಡೇ ಕುಂಟಾಕತ್ತಾರ."

"ಹೊಸಾ ಬೂಟು ಕಚ್ಚತಿರಬೇಕ್ರಿ" ಎಂದೆ. ಅವರು ಬೂಟು ಬಿಚ್ಚಿಸಿ ನಡೆಸಿದರು. ಬರಿಗಾಲಿನಲ್ಲೂ ಕುಂಟಿದರು. ಐದನೆಯ ಹೆಜ್ಜೆಗೆ ಇಪ್ಪತ್ತನಾಲ್ಕು ಮೊಣಕಾಲುಗಳೂ ಒಮ್ಮೆಗೇ ಸ್ವಲ್ಪ ಕುಸಿದು ಏಳುತ್ತಿದ್ದವು.

ಕಾರಣ ಹೇಳಿದವಳು ಭಾಗ್ಯಶ್ರೀ. "ಟೀಚರ್ರಿ, ಐದನೇ ಏಟಿಗಿಂತ ಮೊದಲ ಒಂದ್ ಸಣ್ಣ ಏಟ ಜಾಸ್ತಿ ಬೀಳಾಕತ್ತೈತ್ರಿ. ಧಮ್, ಧಮ್, ಧಮ್ ಧಮ್ ಧ-ಧಮ್."

ನಾನು ನಕ್ಕುಬಿಟ್ಟೆ. ಒಳಗೊಳಗೇ ನನಗೆ ಹೆಮ್ಮೆಯೂ ಆಯಿತು. "ಅದು ಪಥಕದ ಕೈ ಐತೆಬೇ. ಅದರಾಗ ಜೀವ ಐತಿ. ಕೇಳಿದವರು ಕುಣೀಬೇಕು."

"ನಾವು ಕುಣಿಯೋದಲ್ಲಲ್ರಿ, ನಡಿಯೋದು" ಎಂದಳು ಅವಳು, ಬಹಳ ಮರ್ಯಾದೆಯಿಂದ. "ನಮ್ಮ ಮಗ್ಗ ಹಿಂಗ ಹೊಡದ್ರ ನಮ್ಮಪ್ಪ ಕೂಡ್ಲೇ ಬಂದ್ ಮಾಡ್ತಾನ್ರಿ." ಅವಳದು ನೇಕಾರರ ಮನೆ. ತೊಟ್ಟಿಲಲ್ಲಿದ್ದಾಗಿನಿಂದ ಮಗ್ಗದ ಖಟ್ ಖಟ್ ಕೇಳಿ ಬೆಳೆದ ಕಿವಿ. ಅದು ನನಗೆ ಆಗ ಹೊಳೆಯಲಿಲ್ಲ. "ನೋಡೂಣ ತಗೋ" ಎಂದು ಸಾಗಹಾಕಿದೆ.

ಆಗಸ್ಟ್ ಹನ್ನೆರಡಕ್ಕೆ ತಾಲೂಕು ಮೈದಾನದಲ್ಲಿ ತಾಲೀಮು. ನಮ್ಮ ಬ್ಯಾಂಡಿನ ಹಿಂದೆ ಪೊಲೀಸರು, ಗೃಹರಕ್ಷಕರು, ಸ್ಕೌಟು, ಏಳೆಂಟು ಶಾಲೆಯ ಮಕ್ಕಳು. ಬ್ಯಾಂಡು ಶುರುವಾದದ್ದೇ ತಡ, ಮೈದಾನಕ್ಕೆ ಮೈದಾನವೇ ಕುಂಟತೊಡಗಿತು. ಮೀಸೆಯ ಗೃಹರಕ್ಷಕರೊಬ್ಬರು ಐದನೇ ಹೆಜ್ಜೆಗೊಮ್ಮೆ ಮದುಮಗನ ಗೆಳೆಯನಂತೆ ಭುಜ ಕುಣಿಸುತ್ತ ಬರುತ್ತಿದ್ದರು; ತಾವು ಕುಣಿಯುತ್ತಿದ್ದೇವೆಂದು ಪಾಪ ಅವರಿಗೇ ಗೊತ್ತಿರಲಿಲ್ಲ. ಇಷ್ಟೇ ಆಗಿದ್ದರೆ ಬದುಕುತ್ತಿದ್ದೆ. ಬ್ಯಾಂಡಿನ ಪಕ್ಕದಲ್ಲಿ ನಡೆಯುತ್ತಿದ್ದ ನಾನು ವೇದಿಕೆಯನ್ನು ಕಂಡೆ. ವೇದಿಕೆಯ ಮೇಲೆ ದೊಡ್ಡವರು ಕೈಕಟ್ಟಿ ನಿಂತಿದ್ದರು. ಎರಡು ತಿಂಗಳ ರೂಢಿ, ನನ್ನ ಬಲಗೈ ತಾನಾಗಿ ಮೇಲೆದ್ದಿತು. ಹುಡುಗಿಯರು ನಿಂತರು. ಪೊಲೀಸರು ಹುಡುಗಿಯರಿಗೆ ಹಾಯದಿರಲು ಹಿಂದೆ ಜೋಲಿ ಹೊಡೆದರು, ಗೃಹರಕ್ಷಕರು ಪೊಲೀಸರಿಗೆ ಹಾಯ್ದರು, ಸ್ಕೌಟಿನವರು ಗೃಹರಕ್ಷಕರಿಗೆ. ಕಟ್ಟಕಡೆಯ ಶಾಲೆಯ ಮಕ್ಕಳು ಮಾತ್ರ ಇದೂ ಕವಾಯತಿನ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು.

ಪರೇಡಿನ ಉಸ್ತುವಾರಿ ಹೊತ್ತ ಅಧಿಕಾರಿ ಇಳಿದು ಬಂದರು. "ಏನ್ರಿ ಟೀಚರ, ಇದು ಪರೇಡೋ ಮದಿವಿ ಮೆರವಣಿಗಿಯೋ? ಹದಿನಾಲ್ಕಕ್ಕ ಮತ್ತೊಮ್ಮೆ ನೋಡತೇನಿ. ಆಗಲೂ ಹಿಂಗ ಇದ್ರ ಹುಡುಗರ ಸಾಲಿ ಬ್ಯಾಂಡ ಮುಂದ ಇರಲಿ, ನಿಮ್ಮವರು ಹಿಂದ ಬರಲಿ."

ಭಾಗ್ಯಶ್ರೀ ಶಾಲೆಗೆ ಮರಳಿದವಳೇ ಡ್ರಮ್ಮುಗಳನ್ನಿಡುವ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. "ನನಗ ಇದ ಕಡೀ ವರ್ಷ ಐತ್ರಿ ಟೀಚರ್" ಎಂದಳು ಅಷ್ಟೇ. ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು. ಲೆಕ್ಕ ತಪ್ಪಿದ್ದಕ್ಕೆ ಇವಳನ್ನೇ ಎಷ್ಟು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೆನೋ! ಸ್ಟೂಲಿನ ಮೇಲೆ ಕೂತು, ಡ್ರಮ್ಮು ಎದುರಿಗಿಟ್ಟುಕೊಂಡು, ಎಣಿಸಿ ಎಣಿಸಿ ಐದೇ ಏಟು ಹೊಡೆಯಲು ನೋಡಿದೆ. ಆರು ಬಿದ್ದವು. ಮತ್ತೆ ಹೊಡೆದೆ. ಮತ್ತೆ ಆರು.

ಅವಳು ಕಣ್ಣೊರೆಸಿಕೊಂಡು ಎದ್ದು ಬಂದಳು. "ಸಿಟ್ಟ ಮಾಡ್ಕೋಬ್ಯಾಡ್ರಿ ಟೀಚರ್. ಎರಡ ದಿನ ನೀವ ಬಾರಿಸಬ್ಯಾಡ್ರಿ. ನಿಮ್ಮ ಕೈ ನೋಡಿದ್ರ ಸುಮಿತ್ರಾಗ ಮತ್ತ ಅದ ಬರತೈತಿ. ಕೈ ಹಿಂದ ಕಟ್ಕೊಂಡ ನಿಂದರ್ರಿ. ಆಕಿಗೆ ನಾ ಹೇಳಿಕೊಡತೇನಿ."

ಆ ಸಂಜೆ ಎಲ್ಲರೂ ಅವಳ ಮನೆಗೆ ಹೋದೆವು. ನಾಲ್ಕು ಮಗ್ಗಗಳಲ್ಲಿ ಮೂರನ್ನು ಅವಳ ಅಪ್ಪ ಬಂದ್ ಮಾಡಿ ಒಂದನ್ನೇ ಓಡಲು ಬಿಟ್ಟರು. ಲಾಳಿ ಎಡಕ್ಕೆ, ಲಾಳಿ ಬಲಕ್ಕೆ. ಖಟ್, ಖಟ್. ಎಡ, ಬಲ. ಸುಮಿತ್ರಾ ಅದರ ಮುಂದೆ ಡ್ರಮ್ಮು ಹೊತ್ತು ನಿಂತಳು. ಉಳಿದವರು ಹೊರಗೆ ಓಣಿಯಲ್ಲಿ ನಿಂತಲ್ಲೇ ಹೆಜ್ಜೆ ಹಾಕಿದರು. "ಅಕ್ಕಾರ, ಲಾಳಿ ಒಂದ ಸಲ ಹೆಚ್ಚಿಗಿ ಓಡಿದ್ರ ಸೀರಿ ಕೆಟ್ಟಂಗ ನೋಡ್ರಿ" ಎಂದರು ಅಪ್ಪ. ಅದು ನೇಯ್ಗೆಯ ಮಾತೋ ನನ್ನ ಮಾತೋ ತಿಳಿಯಲಿಲ್ಲ. ನಾನು ನೂಲಿನ ಗಂಟಿನ ಮೇಲೆ ಕೈ ಹಿಂದೆ ಕಟ್ಟಿಕೊಂಡು ಕೂತಿದ್ದೆ. ಸುಮಿತ್ರಾಳ ಕೈ ಹೆಚ್ಚಿಗೆ ಬಿದ್ದಾಗಲೆಲ್ಲ ಭಾಗ್ಯಶ್ರೀ ಗದರಲಿಲ್ಲ, ಸುಮ್ಮನೆ ಲಾಳಿಯ ಕಡೆ ಬೆರಳು ತೋರಿಸಿದಳು. ಮೊದಲ ಸಂಜೆ ಹತ್ತಕ್ಕೆ ಆರು ಸಲ ತಪ್ಪಿತು. ಎರಡನೆಯ ಸಂಜೆಯ ಹೊತ್ತಿಗೆ ಡ್ರಮ್ಮು ಯಾವುದು, ಮಗ್ಗ ಯಾವುದು ತಿಳಿಯದಂತಾಯಿತು. ಹದಿನಾಲ್ಕರಂದು ಅಧಿಕಾರಿಗಳು ನೋಡಿ, ಆಗಬಹುದೆಂದು ತಲೆಯಾಡಿಸಿದರು.

ಹದಿನೈದರಂದು ನಮ್ಮ ಹುಡುಗಿಯರು ಎಲ್ಲರ ಮುಂದೆ ನಡೆದರು. ಮುಂದೆ ಕೋಲು ಹಿಡಿದ ಭಾಗ್ಯಶ್ರೀ, ಹಿಂದೆ ಐದೇ ಏಟು, ಗೆರೆ ಎಳೆದಂತೆ. ವೇದಿಕೆಯ ಎದುರು ಅವಳು ಕೋಲು ಎತ್ತಿ ಹೊರಳಿದಾಗ ನನಗೆ ಅಳು ಬಂದಿತು. ಒರೆಸಿಕೊಳ್ಳಲಿಲ್ಲ, ಕೈ ಹಿಂದೆ ಕಟ್ಟಿತ್ತು. ಕಾರ್ಯಕ್ರಮ ಮುಗಿದ ಮೇಲೆ ಅದೇ ಅಧಿಕಾರಿ ಹುಡುಕಿಕೊಂಡು ಬಂದರು. "ಭೇಷ್ ಟೀಚರ! ಎರಡ ದಿನದಾಗ ಹೆಂಗ ತಿದ್ದಿದ್ರಿ?"

"ನಾ ಏನೂ ಮಾಡಲಿಲ್ಲರಿ. ಕೈ ಹಿಂದ ಕಟ್ಕೊಂಡ ಕುಂತಿದ್ದೆ" ಎಂದೆ. ಇಷ್ಟು ವಿನಯದ ಶಿಕ್ಷಕಿಯನ್ನು ತಾವು ಕಂಡಿಲ್ಲವೆಂದು ಅವರು ಸುತ್ತಲಿನ ನಾಲ್ಕು ಜನರಿಗೆ ಹೇಳಿದರು. ಖರೆ ಹೇಳಿದರೂ ಹೊಗಳಿಕೆ ತಪ್ಪದ ದಿನವದು.

ಅಷ್ಟರಲ್ಲಿ ಗುಂಪಿನಿಂದ ಗಂಗವ್ವ ಬಂದರು. ನನ್ನ ಬ್ಯಾಂಡು ನೋಡಲೆಂದು ಖಾನಾವಳಿಗೆ ಬಾಗಿಲು ಹಾಕಿ, ಪಥಕದ ಇಬ್ಬರನ್ನು ಕರೆದುಕೊಂಡು ಬಸ್ಸು ಹಿಡಿದು ಬಂದಿದ್ದರು. ನಾನು ಭಾಗ್ಯಶ್ರೀಯ ಗುರುತು ಹೇಳಿ, ನಡೆದದ್ದನ್ನೆಲ್ಲ ಬಣ್ಣಿಸಿ, "ನಿಮ್ಮ ಪಥಕದ ಆ ಏಟು ನನ್ನ ಕೈಯಾಗ ಹೆಂಗ ಕುಂತೈತಿ ನೋಡ್ರಿ ಗಂಗವ್ವ, ಹೋಗಂದ್ರ ಹೋಗವಲ್ದು" ಎಂದು ಸುಳ್ಳು ಸುಳ್ಳೇ ದೂರಿದೆ.

"ಯಾವ ಏಟ್ರಿ?" ಎಂದರು ಗಂಗವ್ವ.

ಪರೇಡು ಮುಗಿದಿದೆ, ಇನ್ನು ಯಾರ ಭಯ? ಸುಮಿತ್ರಾಳ ಡ್ರಮ್ಮಿನ ಕೋಲು ಇಸಿದುಕೊಂಡು ಮೂರು ದಿನದ ಹಸಿವೆಲ್ಲ ತೀರುವಂತೆ ಬಾರಿಸಿದೆ. ಧಮ್, ಧಮ್, ಧಮ್ ಧಮ್ ಧ-ಧಮ್. ಗಂಗವ್ವ ಇನ್ನೊಮ್ಮೆ ಬಾರಿಸಲು ಹೇಳಿ ಕಿವಿಗೊಟ್ಟು ಕೇಳಿದರು. ಜೊತೆಗೆ ಬಂದವರಲ್ಲಿ ಒಬ್ಬಳು ಬಾಯಿಗೆ ಸೆರಗು ಹಿಡಿದಳು.

"ಇದು ನಮ್ಮದಲ್ರಿ ಅಕ್ಕಾರ" ಎಂದರು ಗಂಗವ್ವ ಮೆಲ್ಲಗೆ. "ಇದು ನಿಮ್ಮದ. ಕೈ ಎತ್ತುವಾಗ ನಿಮ್ಮ ಕೋಲು ಜೋತು ಬಿದ್ದು ಒಮ್ಮೆ ತಾಕತೈತಿ. ಎರಡ ತಿಂಗಳ ನೋಡಿದೆವ್ರಿ. ಸಾಲಿ ಕಲಿಸೋರಿಗೆ ತಪ್ಪೈತಿ ಅಂತ ಹೆಂಗ ಹೇಳೂಣು? ಅದಕ್ಕ ನಿಮ್ಮನ್ನ ಸಣ್ಣ ಕಡ್ಡೀಲೆ ಟರಟರ ಬಡಿಯೋ ತಾಶಾದವರ ಬಾಜೂಕ ನಿಲ್ಲಿಸಿದ್ವಿ. ಅವರ ಗದ್ದಲದಾಗ ಅದು ಮುಚ್ಚಿ ಹೋಗತಿತ್ತ."

ಭಾಗ್ಯಶ್ರೀ ತನ್ನ ಬೂಟಿನ ಲೇಸು ಕಟ್ಟಲು ಬಗ್ಗಿದಳು. ಲೇಸು ಬಿಚ್ಚಿರಲಿಲ್ಲ. ನಾನು ಕೋಲನ್ನು ಸುಮಿತ್ರಾಳ ಕೈಗೆ ಹಿಂದಿರುಗಿಸಿದೆ. ನನ್ನ ಮುಖ ನೋಡಿ ಗಂಗವ್ವನಿಗೆ ಕರುಳು ಚುರುಕ್ಕೆಂದಿರಬೇಕು, ಬೆನ್ನ ಮೇಲೆ ಕೈಯಿಟ್ಟರು. "ಮನಸಿಗೆ ಹಚ್ಕೋಬ್ಯಾಡ್ರಿ ಅಕ್ಕಾರ. ಕುಣಿಯೋದು ಮಾತ್ರ ಭಾಳ ಛಲೋ ಕುಣೀತೀರಿ."

ಲೆಕ್ಕದಲ್ಲಿ ನಾಪಾಸಾದ ಹುಡುಗಿಯರ ಪೇಪರು ಕೊಡುವಾಗ, "ಅಕ್ಷರ ಮಾತ್ರ ಭಾಳ ದುಂಡಗ ಬರೀತಿ" ಎಂದು ಇಪ್ಪತ್ತೆರಡು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಅದನ್ನು ಕೇಳಿ ಅವರು ಯಾಕೆ ಒಬ್ಬರೂ ಖುಷಿಪಡುವುದಿಲ್ಲ ಎಂದು ನನಗೆ ಯಾವಾಗಲೂ ಆಶ್ಚರ್ಯವಾಗುತ್ತಿತ್ತು.